ಸಂಪಾದಕರ ಉತ್ತರ: ಔಷಧ ಹಂಚುವ ಸಮಿತಿಯಲ್ಲಿ ರೋಗಿಯ ತಾಯಿ ಕೂರಬಹುದೇ?

ಮಾನ್ಯ ಓದುಗರಿಗೆ ನಮಸ್ಕಾರ.

ನಿಮ್ಮ 19 ವರ್ಷದ ಮಗನಿಗೆ ತೀವ್ರ ಸ್ವರೂಪದ ಕುಸುಮ ರೋಗ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ‘ಎ’ ಇದೆಯೆಂದೂ, ಅಂಥ ಮಕ್ಕಳಿಗೆ ಹಾಗೂ ಯುವಕರಿಗೆ ನೆರವಾಗುವ ಜಿಲ್ಲೆಯ ಸಂಘವೊಂದು ನಿಮ್ಮನ್ನು ಕಾರ್ಯಕಾರಿ ಸಮಿತಿಗೆ ಕರೆದಿದೆಯೆಂದೂ ಬರೆದಿದ್ದೀರಿ. ಡಾಕ್ಟರು, ಆಡಿಟರು, ವಕೀಲರು ಇರುವ ಸಮಿತಿಯಲ್ಲಿ ಪಿಯುಸಿ ಓದಿದ ತಾವು ಮಾಡುವುದೇನು, ಮಗನೇ ಔಷಧ ಪಡೆಯುವ ಸಂಘದಲ್ಲಿ ತಾವು ಸದಸ್ಯೆಯಾದರೆ ಜನ ಏನೆಂದುಕೊಂಡಾರು ಎಂಬುದು ನಿಮ್ಮ ಅಳುಕು. ತಮ್ಮ ಬದಲು ಮಗನೇ ಹೋಗುವುದು ಸರಿಯೇ ಎಂದೂ ಕೇಳಿದ್ದೀರಿ. ನಿಮ್ಮ ಕೋರಿಕೆಯಂತೆ ಹೆಸರನ್ನೂ ಊರನ್ನೂ ಪ್ರಕಟಿಸುತ್ತಿಲ್ಲ.

ಮೊದಲ ಪ್ರಶ್ನೆಗೆ ನಮ್ಮ ಉತ್ತರ ಸ್ಪಷ್ಟವಾಗಿದೆ: ನೀವು ಒಪ್ಪಿಕೊಳ್ಳಬೇಕು. ಈ ರೋಗದ ವಿಷಯದಲ್ಲಿ ಸಂಸ್ಥೆಗಳನ್ನು ಕಟ್ಟಿದವರಲ್ಲಿ ಅನೇಕರು ಅದನ್ನು ಮೈಯಲ್ಲಿ ಹೊತ್ತು ಬದುಕಿದವರೇ. 1963ರಲ್ಲಿ ವಿಶ್ವ ಹಿಮೊಫಿಲಿಯಾ ಒಕ್ಕೂಟವನ್ನು ಸ್ಥಾಪಿಸಿದ ಮಾಂಟ್ರಿಯಲ್‌ನ ಫ್ರ್ಯಾಂಕ್ ಶ್ನಾಬೆಲ್ ಸ್ವತಃ ರೋಗಿಯಾಗಿದ್ದರು. ಅವರು ಹುಟ್ಟಿದ ಏಪ್ರಿಲ್ 17ನ್ನೇ ಇಂದು ವಿಶ್ವ ಹಿಮೊಫಿಲಿಯಾ ದಿನವಾಗಿ ಆಚರಿಸಲಾಗುತ್ತಿದೆ. 1983ರಲ್ಲಿ ಭಾರತದ ಒಕ್ಕೂಟಕ್ಕೆ ನಾಂದಿ ಹಾಡಿದ ಅಶೋಕ್ ವರ್ಮಾ ಅವರೂ ಹಾಗೆಯೇ. ನಮ್ಮ ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಅವರು ವೈದ್ಯರೂ ಹೌದು, ಕುಸುಮ ರೋಗವಿರುವವರೂ ಹೌದು. ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯನ್ನು ಮುನ್ನಡೆಸಿದವರು ಅವರು. ಇಂಥ ಹಿನ್ನೆಲೆಯಿರುವಾಗ, ರೋಗಿಗಳು ಮತ್ತು ಅವರ ಮನೆಯವರು ನೆರವು ಪಡೆಯುವ ಸಾಲಿನಲ್ಲಿ ನಿಂತರೆ ಸಾಕು, ತೀರ್ಮಾನಗಳನ್ನು ಬಲ್ಲವರು ಮಾಡಿಕೊಳ್ಳುತ್ತಾರೆ ಎಂಬ ಧೋರಣೆಯನ್ನು ನಾವು ಒಪ್ಪಲಾರೆವು.

ನಿಮ್ಮ ಅನುಭವ ಸಭೆಯಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಹೇಳಬೇಕು. ರಕ್ತ ಹೆಪ್ಪುಗಟ್ಟಲು ನೆರವಾಗುವ ಔಷಧವಾದ ‘ಫ್ಯಾಕ್ಟರ್’ನ ಸೀಸೆಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ದಾಸ್ತಾನು ಪುಸ್ತಕದಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಯಾರಿಗೆ ಎಷ್ಟು ಯೂನಿಟ್ ಹೋಯಿತು ಎಂಬುದೆಲ್ಲ ಇರುತ್ತದೆ. ಆಡಿಟರು ಅದನ್ನು ತಾಳೆ ನೋಡುತ್ತಾರೆ. ಆದರೆ ರಾತ್ರಿಯೆಲ್ಲ ಕರೆಂಟು ಹೋದಾಗ ಆ ಫ್ರಿಜ್ ನೋಡಿಕೊಳ್ಳುವವರು ಯಾರು, ಭಾನುವಾರ ಮೊಣಕಾಲಿನೊಳಗೆ ರಕ್ತ ಸೋರತೊಡಗಿದರೆ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಕೇಳುವುದು, ಅಂಥ ರಾತ್ರಿಯನ್ನು ಕಳೆದವರಿಗೆ ಮೊದಲು ಹೊಳೆಯುತ್ತದೆ. ಕೀಲುಗಳಲ್ಲಿ ಮತ್ತೆ ಮತ್ತೆ ರಕ್ತಸ್ರಾವವಾಗಿ ಮಂಡಿ ಮಡಚಲಾಗದ ಹುಡುಗರಿಗಾಗಿ ಇರುವ ಸಂಘವು ಲಿಫ್ಟ್ ಇಲ್ಲದ ಕಟ್ಟಡದ ಮೊದಲ ಮಹಡಿಯಲ್ಲಿ ಕಚೇರಿ ಮಾಡಿಕೊಂಡಿದ್ದರೆ, ಅದನ್ನು ಕೆಳಗೆ ತನ್ನಿ ಎಂದು ಹೇಳುವವರೂ ಸಮಿತಿಯಲ್ಲಿ ಇರಬೇಕು.

ಎರಡನೆಯ ಪ್ರಶ್ನೆ ಹೆಚ್ಚು ಕಠಿಣವಾದದ್ದು, ಅದನ್ನು ಕೇಳಿದ್ದಕ್ಕಾಗಿಯೇ ನಿಮ್ಮ ಮೇಲೆ ನಮಗೆ ಗೌರವ ಹೆಚ್ಚಿದೆ. ಲೆಕ್ಕವನ್ನೇ ನೋಡಿ. ದೇಹದ ತೂಕದ ಪ್ರತಿ ಕಿಲೋಗೆ 1 ಯೂನಿಟ್ ಫ್ಯಾಕ್ಟರ್ 8 (ಹಿಮೊಫಿಲಿಯಾ ‘ಎ’ ಇರುವವರಲ್ಲಿ ಕೊರತೆಯಿರುವ ಅಂಶ) ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ, ಸಹಜ ಮಟ್ಟವನ್ನು 100 ಎಂದುಕೊಂಡರೆ, ಸುಮಾರು ಶೇಕಡ 2ರಷ್ಟು ಏರುತ್ತದೆ. ತಲೆಗೆ ಪೆಟ್ಟು ಬಿದ್ದಂಥ ಸಂದರ್ಭದಲ್ಲಿ ಮಟ್ಟವನ್ನು ಶೇಕಡ 100ರ ಹತ್ತಿರಕ್ಕೆ ತರಬೇಕಾದರೆ 20 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 1000 ಯೂನಿಟ್, 60 ಕಿಲೋ ತೂಕದ ಯುವಕನಿಗೆ 3000 ಯೂನಿಟ್ ಬೇಕಾಗುತ್ತದೆ. ಅದರ ಪರಿಣಾಮವೂ ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ಮತ್ತೆ ಕೊಡಬೇಕು. ಮಕ್ಕಳು ಬೆಳೆದಂತೆ ಅವರ ಪಾಲೂ ಬೆಳೆಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿ ಸಿಗುತ್ತದಾದರೂ ದಾಸ್ತಾನು ಖಾಲಿಯಾದ ದಿನ ಸಂಘದ ಸೀಸೆಗಳ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಆ ದಿನ ನಿಮ್ಮ ಮಗನ ಹೆಸರೂ ಪಟ್ಟಿಯಲ್ಲಿದ್ದರೆ, ನೀವೆಷ್ಟೇ ಪ್ರಾಮಾಣಿಕರಾಗಿದ್ದರೂ, ಹಂಚಿಕೆಯ ತೀರ್ಮಾನದಲ್ಲಿ ನಿಮ್ಮ ಕೈ ಇರಕೂಡದು.

ಆದ್ದರಿಂದ ಯಾರಿಗೆ ಎಷ್ಟು, ಯಾವ ಸ್ಥಿತಿಯಲ್ಲಿ ಮೊದಲು ಎಂಬ ನಿಯಮವನ್ನು ಕೊರತೆ ಬರುವ ಮುನ್ನವೇ ಬರೆದಿಡಲು ಸಮಿತಿಯನ್ನು ಒತ್ತಾಯಿಸಿ. ನಿಯಮ ರೂಪಿಸುವ ಚರ್ಚೆಯಲ್ಲಿ ನೀವು ಧಾರಾಳವಾಗಿ ಭಾಗವಹಿಸಬಹುದು. ಅದನ್ನು ಒಬ್ಬೊಬ್ಬ ರೋಗಿಗೆ ಅನ್ವಯಿಸುವ ಕೆಲಸ ವೈದ್ಯರದಾಗಲಿ. ನಿಮ್ಮ ಮಗನ ವಿಷಯ ಬಂದಾಗ ಸಭೆಯಿಂದ ಎದ್ದು ಹೊರಗೆ ಹೋಗಿ, ಹೋದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಸಂಘದ ಹಣ ಅಥವಾ ಆಸ್ತಿ ಆಡಳಿತ ನಡೆಸುವವರ ಬಂಧುಗಳಿಗೆ ವಿಶೇಷ ಲಾಭವಾಗಿ ಹೋದರೆ ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು. ಹಾಗಾಗಿ ನಿಮ್ಮ ಮಗ ಎಲ್ಲರಿಗಿರುವ ಷರತ್ತುಗಳ ಮೇಲೆಯೇ ಔಷಧ ಪಡೆದನೆಂಬ ದಾಖಲೆ ಸಂಘಕ್ಕೂ ನಿಮಗೂ ರಕ್ಷೆ. ಔಷಧ ಕಂಪನಿಯಿಂದ ಗೌರವಧನ ಪಡೆಯುವ ವೈದ್ಯರು ಸಮಿತಿಯಲ್ಲಿದ್ದರೆ, ಆ ಕಂಪನಿಯ ದೇಣಿಗೆಯ ಚರ್ಚೆಯಲ್ಲಿ ಅವರಿಗೂ ಇದೇ ನಿಯಮ ಅನ್ವಯವಾಗಬೇಕು. ತಾಯಂದಿರನ್ನು ಮಾತ್ರ ಅನುಮಾನದಿಂದ ನೋಡುವುದು ನ್ಯಾಯವಲ್ಲ.

ಇನ್ನು ನಿಮ್ಮ ಮಗನ ಮಾತು. ಅವನಿಗೆ 18 ತುಂಬಿರುವುದರಿಂದ ಸದಸ್ಯನಾಗಲು ವಯಸ್ಸಿನ ಅಡ್ಡಿಯಿಲ್ಲ, ಮುಂದೊಂದು ದಿನ ಆ ಕುರ್ಚಿ ಅವನಂಥವರದೇ ಆಗಬೇಕೆಂದು ನಾವು ಬಲವಾಗಿ ನಂಬುತ್ತೇವೆ. ಒಂದೇ ಮನೆಯ ಇಬ್ಬರು ಒಟ್ಟಿಗೆ ಕೂರುವುದು ಬೇಡ. ಸಂಘ ಕರೆದಿರುವುದು ನಿಮ್ಮನ್ನಾದ್ದರಿಂದ ಈ ಅವಧಿಗೆ ನೀವು ಹೋಗಿ, ಯುವಕರಿಗೆ ಕನಿಷ್ಠ ಎರಡು ಸ್ಥಾನಗಳನ್ನು ಬೈಲಾದಲ್ಲೇ ಮೀಸಲಿಡುವಂತೆ ಮಾಡಿ. ಎರಡು ಏಕೆಂದರೆ, ಒಬ್ಬ ಆಸ್ಪತ್ರೆಯಲ್ಲಿ ಮಲಗಿದ ತಿಂಗಳು ಇನ್ನೊಬ್ಬನಾದರೂ ಸಭೆಗೆ ಬಂದಾನು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕುಸುಮ ರೋಗವೂ ಸೇರಿದೆ. ಕನಿಷ್ಠ ಶೇಕಡ 40ರಷ್ಟು ವೈಕಲ್ಯದ ಪ್ರಮಾಣಪತ್ರವಿದ್ದರೆ ಉನ್ನತ ಶಿಕ್ಷಣದ ಮೀಸಲಾತಿಗೆ ಅರ್ಹತೆ ಸಿಗುತ್ತದೆ, ಆದರೆ ಸರ್ಕಾರಿ ನೌಕರಿಯ ಶೇಕಡ 4ರ ಮೀಸಲಾತಿಯಲ್ಲಿ ರಕ್ತಸಂಬಂಧಿ ಕಾಯಿಲೆಗಳ ಹೆಸರಿಲ್ಲ. ಡಿಗ್ರಿ ಮುಗಿಸಿ ಕೆಲಸ ಹುಡುಕುವ ಹುಡುಗನಿಗೆ ಈ ಕಂದಕ ಎಷ್ಟು ಆಳವೆಂಬುದು ಗೊತ್ತಿರುತ್ತದೆ. ಸಂಘವು ಇಂಜೆಕ್ಷನ್ನಿನ ಆಚೆಗೂ ಯೋಚಿಸಬೇಕಾದರೆ ಅಂಥವರ ಕೈಯಲ್ಲಿ ಮತ ಇರಬೇಕು. ವೇದಿಕೆಯ ಮೇಲೆ ಕರೆದು ಶಾಲು ಹೊದಿಸಿ ಫೋಟೊ ತೆಗೆಸಿಕೊಂಡರೆ ಆ ಕೆಲಸ ಆಗುವುದಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಬೈಲಾ, ಕಳೆದ ಮೂರು ವರ್ಷಗಳ ಆಡಿಟ್ ಆದ ಲೆಕ್ಕಪತ್ರ ಹಾಗೂ ಇತ್ತೀಚಿನ ಸಭೆಗಳ ನಡಾವಳಿಯನ್ನು ಕೇಳಿ ಪಡೆಯಿರಿ. ಅರ್ಥವಾಗದ ಸಾಲುಗಳನ್ನು ಗುರುತು ಹಾಕಿಕೊಂಡು ಖಜಾಂಚಿಯವರ ಎದುರಿಗೇ ಕುಳಿತು ಓದಿಸಿಕೊಳ್ಳಿ. ಅದಕ್ಕೆ ಸಂಕೋಚ ಬೇಡ. ಕೊಡಲು ಹಿಂದೇಟು ಹಾಕಿದರೆ ಸಹಿ ಮಾಡಬೇಡಿ.

— ಸಂಪಾದಕ