ಕಾಯಿ ನಡೆಸಲು ಬರುತ್ತೆ, ಆಡಲು ಬರಲ್ಲ

ವಯಸ್ಸು 27, ಕಾಯಿಗಳ ನಡೆ ಗೊತ್ತು, ಮೊಬೈಲಿನಲ್ಲಿ ಹತ್ತು ಆಟ ಆಡಿದರೆ ಎಂಟು ಸೋಲು, ಚೆಸ್ ಸೀರಿಯಸ್ಸಾಗಿ ಕಲಿಯಲು ಎಲ್ಲಿಂದ ಶುರು ಮಾಡಲಿ, ಕೋಚ್ ಬೇಕಾ ಅಂತ ಕೇಳಿದ್ದೀರಿ. ನಾನು ಶುರು ಮಾಡಿದ್ದು 31ಕ್ಕೆ. ದೊಡ್ಡ ಆಟಗಾರ ಏನಲ್ಲ, ಐದು ವರ್ಷ ಆದಮೇಲೆ ಲೀಚೆಸ್ ಅನ್ನೋ ಆನ್‌ಲೈನ್ ಚೆಸ್ ಸೈಟ್‌ನಲ್ಲಿ ನನ್ನ ರೇಟಿಂಗ್ 1700ರ ಆಸುಪಾಸು ಇದೆ. ಆದರೆ ಎಲ್ಲೆಲ್ಲಿ ಸುಮ್ನೆ ಟೈಮ್ ಕಳೆದೆ ಅನ್ನೋದು ಚೆನ್ನಾಗಿ ನೆನಪಿದೆ. ಅದನ್ನೇ ಹೇಳುತ್ತೇನೆ.

ಮೊದಲು, ಮನೆಯಲ್ಲಿ ಕಲಿತ ರೂಲ್ಸ್ ಬಿಡಿ. ನಮ್ಮ ಮನೆಯಲ್ಲಿ ಶುರುವಿಗೆ ಎರಡು ಸೈನಿಕರನ್ನು ಒಟ್ಟಿಗೆ ಒಂದೊಂದು ಮನೆ ತಳ್ಳುತ್ತಿದ್ದೆವು. ಚೆಕ್ ಬೀಳದಿದ್ದರೆ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದಿತ್ತು. ಸೈನಿಕ ಕೊನೆ ಮುಟ್ಟಿದರೆ ಆ ಮನೆಯಲ್ಲಿ ಮೊದಲು ಯಾವ ಕಾಯಿ ಇತ್ತೋ ಅದೇ ಆಗಬೇಕು. ನಿಜವಾದ ಚೆಸ್‌ನಲ್ಲಿ ಇದು ಯಾವುದೂ ಇಲ್ಲ. ಸೈನಿಕ ನೇರವಾಗಿ ಮಂತ್ರಿ ಆಗಬಹುದು, ನಿಮ್ಮ ಮಂತ್ರಿ ಇನ್ನೂ ಬೋರ್ಡಿನ ಮೇಲಿದ್ದರೂ ಸರಿ. ಕ್ಯಾಸ್ಲಿಂಗ್ (ರಾಜ ಆನೆಯ ಕಡೆ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವುದು), ಆನ್‌ಪಾಸಾನ್ (ಎರಡು ಮನೆ ಜಿಗಿದು ಪಕ್ಕಕ್ಕೆ ಬಂದ ಸೈನಿಕನನ್ನು ಸೈನಿಕ ಹೊಡೆಯುವ ವಿಶೇಷ ರೀತಿ) ಎರಡನ್ನೂ ಸರಿಯಾಗಿ ತಿಳಿದುಕೊಳ್ಳಿ. ಮನೆಗಳ ಹೆಸರೂ ಕಲಿಯಿರಿ, ಇ4, ಎಫ್7 ಅಂತ. ಒಂದು ಸಂಜೆಯ ಕೆಲಸ.

ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಓಪನಿಂಗ್, ಅಂದರೆ ಆಟದ ಶುರುವಿನ ಮೂವ್‌ಗಳ ವಿಡಿಯೋ ನೋಡುತ್ತಾ ಕೂತೆ. ಸಿಸಿಲಿಯನ್ ಅನ್ನೋ ಓಪನಿಂಗ್‌ನಲ್ಲಿ ಹನ್ನೆರಡು ಮೂವ್ ಬಾಯಿಪಾಠ. ಎದುರಿನವರು ಮೂರನೇ ಮೂವ್‌ಗೇ ಬೇರೆ ಏನೋ ಆಡಿದರೆ ನಾನು ಕಕ್ಕಾಬಿಕ್ಕಿ. ಅದಕ್ಕಿಂತ ಅವಮಾನ ಅಂದರೆ ನಾಲ್ಕು ಮೂವ್‌ನಲ್ಲಿ ಮೇಟ್ ಆಗಿದ್ದು. ನಿಮಗೂ ಆಗಿರುತ್ತೆ. ಬಿಳಿ ಕಾಯಿಯವನು ಇ4 ಆಡಿದ, ನಾನು ಇ5. ಅವನು ಒಂಟೆಯನ್ನು ಸಿ4ಗೆ ತಂದ, ನಾನು ಕುದುರೆಯನ್ನು ಸಿ6ಗೆ. ಅವನ ಮಂತ್ರಿ ಎಚ್5ಗೆ ಬಂತು. ನಾನು ಇನ್ನೊಂದು ಕುದುರೆಯನ್ನು ಎಫ್6ಗೆ ಹಾರಿಸಿ, ಮಂತ್ರಿಗೇ ಗುರಿ ಇಟ್ಟೆ ಅಂತ ಖುಷಿಯಾದೆ. ಅವನು ಎಫ್7ರ ಸೈನಿಕನನ್ನು ಮಂತ್ರಿಯಿಂದ ಹೊಡೆದ. ಹಿಂದೆ ಒಂಟೆಯ ಕಾವಲು, ನನ್ನ ರಾಜ ಮಂತ್ರಿಯನ್ನು ಮುಟ್ಟುವ ಹಾಗಿಲ್ಲ. ಆಟ ಮುಗೀತು. ಜಿ7ರ ಸೈನಿಕನನ್ನು ಒಂದು ಮನೆ ತಳ್ಳಿದ್ದರೆ ಮಂತ್ರಿಯ ದಾರಿ ಕಟ್ಟಾಗುತ್ತಿತ್ತು. ಆ ಮಂತ್ರಿ ಅಲ್ಲಿಂದ ಓಡಬೇಕಾಗುತ್ತಿತ್ತು.

ಇಲ್ಲಿ ನನಗೆ ಗೊತ್ತಿಲ್ಲದೆ ಇದ್ದದ್ದು ಓಪನಿಂಗ್ ಅಲ್ಲ. ನಾನು ನನ್ನ ಮೂವ್ ಮಾತ್ರ ಯೋಚಿಸುತ್ತಿದ್ದೆ, ‘ಇವನು ಇದನ್ನು ಯಾಕೆ ಆಡಿದ?’ ಅಂತ ಕೇಳಿಕೊಳ್ಳುತ್ತಲೇ ಇರಲಿಲ್ಲ. ಪ್ರತಿ ಮೂವ್‌ಗೂ ಮೊದಲು ಇದೊಂದು ಕೇಳಿಕೊಳ್ಳಿ. ಕೇಳಲು ಸುಲಭ, ಅಭ್ಯಾಸ ಆಗಲು ನನಗೆ ಆರು ತಿಂಗಳು ಹಿಡೀತು. ಓಪನಿಂಗ್‌ಗೆ ಸದ್ಯಕ್ಕೆ ಇಷ್ಟು ಸಾಕು: ನಡುವಿನ ಸೈನಿಕರನ್ನು ಮುಂದೆ ಬಿಡಿ, ಕುದುರೆ ಒಂಟೆಗಳನ್ನು ಹೊರಗೆ ತನ್ನಿ, ಬೇಗ ಕ್ಯಾಸ್ಲಿಂಗ್ ಮಾಡಿ.

ಒಂದು ನಿಮಿಷ, ಮೂರು ನಿಮಿಷದ ಆಟ ಬಿಟ್ಟುಬಿಡಿ. ಅದು ಕಡಲೆಕಾಯಿ ತಿಂದ ಹಾಗೆ, ಕೈ ನಿಲ್ಲಲ್ಲ, ಹೊಟ್ಟೆಯೂ ತುಂಬಲ್ಲ. ಹದಿನೈದು ನಿಮಿಷ, ಪ್ರತಿ ಮೂವ್‌ಗೆ ಹತ್ತು ಸೆಕೆಂಡ್ ಜಾಸ್ತಿ ಸಿಗುವ ಆಟ ಆಡಿ. ದಿನಕ್ಕೆ ಒಂದು ಸಾಕು. ಸೋತರೆ ತಕ್ಷಣ ‘ಇನ್ನೊಂದು’ ಒತ್ತಬೇಡಿ. ಎಲ್ಲಿ ಕೆಟ್ಟಿತು ಅಂತ ಮೊದಲು ನೀವೇ ಹುಡುಕಿ, ಆಮೇಲೆ ಕಂಪ್ಯೂಟರನ್ನು ಕೇಳಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸೋಲಿಗೆ ಒಂದು ಸಾಲು ಬರೆದೆ. ತಿಂಗಳಾದ ಮೇಲೆ ನೋಡಿದರೆ ಮುಕ್ಕಾಲು ಪಾಲು ಒಂದೇ ಕಥೆ: ‘ಕುದುರೆ ಪುಕ್ಕಟೆ ಕೊಟ್ಟೆ’, ‘ಆನೆ ಪುಕ್ಕಟೆ ಕೊಟ್ಟೆ’. ಇದಕ್ಕೆ ಮದ್ದು ಪಜಲ್. ಲೀಚೆಸ್‌ನಲ್ಲಿ ಎಷ್ಟು ಬೇಕಾದರೂ ಫ್ರೀ. ದಿನಕ್ಕೆ ಇಪ್ಪತ್ತು ನಿಮಿಷ, ಫೋರ್ಕ್ (ಒಂದೇ ಕಾಯಿ ಎರಡಕ್ಕೆ ಒಟ್ಟಿಗೆ ಗುರಿ ಇಡುವುದು) ಮತ್ತು ಪಿನ್‌ನಿಂದ (ಸರಿದರೆ ಹಿಂದಿನ ದೊಡ್ಡ ಕಾಯಿ ಸಿಕ್ಕಿಬೀಳುತ್ತೆ ಅಂತ ಮುಂದಿನದು ಅಲುಗಾಡದಂತಾಗುವುದು) ಶುರು ಮಾಡಿ. ಊಹೆ ಮಾಡಿ ಒತ್ತಬೇಡಿ, ಕೊನೆವರೆಗೂ ಕಂಡ ಮೇಲೆ ಕಾಯಿ ಮುಟ್ಟಿ.

ಕುದುರೆಯ ನಡೆ ಕಣ್ಣಿಗೆ ಕೂರದಿದ್ದರೆ ಒಂದು ಹಳೆಯ ಆಟ ಇದೆ. ಖಾಲಿ ಬೋರ್ಡಿನಲ್ಲಿ ಒಂದೇ ಕುದುರೆ ಇಟ್ಟು, ಒಂದು ಮನೆಗೆ ಒಂದೇ ಸಲ ಹೋಗುವಂತೆ 64 ಮನೆ ಸುತ್ತಿಸಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದರ ಹುಚ್ಚೇ ಇತ್ತು, ಇಂಥ ಬಂಧಗಳನ್ನು ಸ್ವತಃ ರಚಿಸಿದ್ದರು. ನನ್ನದು ಇವತ್ತಿಗೂ ಐವತ್ತು ದಾಟಿದ ಮೇಲೆ ಸಿಕ್ಕಿಹಾಕಿಕೊಳ್ಳುತ್ತೆ.

ಎಂಡ್‌ಗೇಮ್, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತ, ಆಮೇಲೆ ನೋಡೋಣ ಅನ್ನಬೇಡಿ. ನನ್ನ ಮೊದಲ ಟೂರ್ನಮೆಂಟ್‌ನಲ್ಲಿ ಎದುರಿಗೆ ಒಂಬತ್ತು ಹತ್ತು ವರ್ಷದ ಹುಡುಗ. ಅವನ ಬಳಿ ಬರೀ ರಾಜ, ನನ್ನ ಬಳಿ ರಾಜ ಮತ್ತು ಮಂತ್ರಿ. ಮಂತ್ರಿಯನ್ನು ಅವನ ರಾಜನಿಂದ ಕುದುರೆ ನಡೆಯಷ್ಟು ದೂರದಲ್ಲಿ ಇಡುತ್ತಾ ಮೂಲೆಗೆ ಅಟ್ಟುತ್ತಾ ಹೋದೆ. ಇದು ಸರಿಯಾದ ಉಪಾಯವೇ. ರಾಜ ಎ8 ಮೂಲೆ ಸೇರಿದಾಗಲೂ ಅದೇ ಗುಂಗಿನಲ್ಲಿ ಮಂತ್ರಿಯನ್ನು ಬಿ6ರಲ್ಲಿ ಇಟ್ಟೆ. ಚೆಕ್ ಇಲ್ಲ, ಅವನಿಗೆ ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್, ಅರ್ಧ ಪಾಯಿಂಟ್. ಹುಡುಗ ಕೈ ಕುಲುಕಿ, “ಅಂಕಲ್, ಡಿ7ರಲ್ಲಿ ನಿಲ್ಲಿಸಬೇಕಿತ್ತು. ನಾನು ಎ8, ಬಿ8 ಅಂತ ಓಡಾಡ್ತಾ ಇರ್ತಿದ್ದೆ, ನೀವು ನಿಮ್ಮ ರಾಜನ್ನ ತರಬಹುದಿತ್ತು” ಅಂದ. ಆ ವಾರ ಪೂರ್ತಿ, ರಾಜನ ಜೊತೆ ಬರೀ ಮಂತ್ರಿ ಇಲ್ಲವೇ ಬರೀ ಆನೆ ಇಟ್ಟುಕೊಂಡು ಮೇಟ್ ಮಾಡುವುದನ್ನು ಅಭ್ಯಾಸ ಮಾಡಿದೆ. ನೀವು ಟೂರ್ನಮೆಂಟ್‌ಗೆ ಹೋಗುವ ಮೊದಲೇ ಮಾಡಿ.

ಹೋಗಲೇಬೇಕು ಮತ್ತೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಅನ್ನುವ ಭಯ ಮೊಬೈಲಿನಲ್ಲಿ ಬರಲ್ಲ. ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. 2024ರ ಮಾರ್ಚ್‌ನಿಂದ ಅದು ಶುರುವಾಗುವುದೇ 1400ರಿಂದ.

ವಯಸ್ಸಿನ ವಿಷಯ. ಗುಕೇಶ್ 18ಕ್ಕೇ ವಿಶ್ವ ಚಾಂಪಿಯನ್ ಆದರು, ಆ ಅಳತೆ ನಮಗೆ ಬೇಡ. ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 2017ರಲ್ಲಿ, ಮೂವತ್ತು ದಾಟಿದ ಮೇಲೆ. ಅದಕ್ಕೆ ಮೊದಲೂ ಅವರು ಎಷ್ಟೋ ವರ್ಷ ಆಡಿದ್ದರು ಬಿಡಿ, ನಾವು ಅಲ್ಲಿಗೆ ಹೋಗಲ್ಲ. ಆದರೆ ಹತ್ತರಲ್ಲಿ ಎಂಟು ಸೋಲುವ ಬದಲು ಐದು ಗೆಲ್ಲಲು 27 ಏನೂ ಜಾಸ್ತಿ ಅಲ್ಲ.

ಇನ್ನು ಕೋಚ್. ಮೊದಲ ಆರು ತಿಂಗಳು ಬೇಡ. ಕಾಯಿ ಪುಕ್ಕಟೆ ಕೊಡಬೇಡ ಅಂತ ಹೇಳಿಸಿಕೊಳ್ಳಲು ದುಡ್ಡು ಯಾಕೆ? ಅದು ನಿಂತಮೇಲೂ ಸೋಲುತ್ತಿದ್ದು, ಯಾಕೆ ಅಂತ ನಿಮಗೇ ಕಾಣದಿದ್ದರೆ ಆಗ ಹುಡುಕಿ. ಹೋಗುವಾಗ ಆ ಸೋಲಿನ ನೋಟ್‌ಬುಕ್ ತೆಗೆದುಕೊಂಡು ಹೋಗಿ.