ಅತ್ತೆಯ ಕೋಣೆಯ ಕಿಟಕಿ

ಪ್ರಶ್ನೆ: ನಮಸ್ಕಾರ ಸಿಸ್ಟರ್. ನಮ್ಮತ್ತೆಗೆ ಲಕ್ವ ಹೊಡೆದು ಮೂರು ತಿಂಗಳಾಯಿತು. ಹಾಸಿಗೆಯಲ್ಲೇ ಇದ್ದಾರೆ, ನಾನೇ ನೋಡಿಕೊಳ್ಳುತ್ತೇನೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳ ಕಾಲೇಜಿನಲ್ಲಿ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ ನೋಡಿದೆ. ಅವರು ಪುಸ್ತಕ ಬರೆದಿದ್ದಾರಂತೆ. ಅಷ್ಟು ಹಳೇ ಪುಸ್ತಕದಲ್ಲಿ ನಮ್ಮಂಥವರಿಗೆ ಬೇಕಾದದ್ದು ಏನಾದರೂ ಇದೆಯಾ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಕಾದಷ್ಟಿದೆ ತಂಗಿ. 1859ರಲ್ಲಿ ಅವರು 'ನೋಟ್ಸ್ ಆನ್ ನರ್ಸಿಂಗ್' ಬರೆದದ್ದೇ ನಿಮ್ಮಂಥವರಿಗಾಗಿ. ನರ್ಸ್‌ಗಳಿಗೆ ಪಾಠ ಹೇಳುವ ಪುಸ್ತಕ ಇದಲ್ಲ, ಮನೆಯಲ್ಲಿ ಇನ್ನೊಬ್ಬರ ಆರೋಗ್ಯ ನೋಡಿಕೊಳ್ಳುವ ಹೆಂಗಸರಿಗೆ ಬರೆದದ್ದು ಅಂತ ಮುನ್ನುಡಿಯಲ್ಲೇ ಹೇಳಿದ್ದಾರೆ. ಹಾಗಾಗಿ ಅದು ಮೊದಲು ನಿಮ್ಮದು, ಆಮೇಲೆ ನಿಮ್ಮ ಮಗಳದ್ದು.

ನಾನು ಕಲಿಯುವಾಗ ಅವರ ಹುಟ್ಟಿದ ದಿನ ಬಾಯಿಪಾಠ ಮಾಡಿದ್ದೆ. 1820ರ ಮೇ 12. ಪುಸ್ತಕ ಪೂರ್ತಿ ಓದಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ, ಮಡಿಕೇರಿಯ ಮಳೆಗಾಲದ ನೈಟ್ ಡ್ಯೂಟಿಯಲ್ಲಿ.

ಮೊದಲ ಅಧ್ಯಾಯವೇ ಗಾಳಿಯದ್ದು. ರೋಗಿ ಉಸಿರಾಡುವ ಗಾಳಿ ಹೊರಗಿನ ಗಾಳಿಯಷ್ಟೇ ಚೊಕ್ಕಟವಾಗಿರಬೇಕು, ಆದರೆ ರೋಗಿಗೆ ಚಳಿಯಾಗಬಾರದು. ನಮ್ಮ ಕೊಡಗಿನಲ್ಲಿ ಏನು ಮಾಡುತ್ತೇವೆ ಹೇಳಿ? ಜೂನ್‌ನಲ್ಲಿ ಮುಚ್ಚಿದ ಕಿಟಕಿ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಮುಗಿಯುವವರೆಗೂ ತೆಗೆಯುವುದಿಲ್ಲ. ಬಟ್ಟೆ ಒಣಗುವುದಿಲ್ಲ ಅಂತ ಮಲಗಿದವರ ಕೋಣೆಯಲ್ಲೇ ಹಗ್ಗ ಕಟ್ಟುತ್ತೇವೆ. ನಾನೂ ನಮ್ಮಮ್ಮನ ಕೋಣೆಯಲ್ಲಿ ಹೀಗೇ ಕಟ್ಟಿದ್ದೆ. ಒದ್ದೆ ಟವೆಲು ಅಲ್ಲಿ ಒಣಗಿದರೆ ಆ ತೇವ ರೋಗಿಯ ಗಾಳಿಗೇ ಸೇರುತ್ತದೆ ಅಂತ ಅವರು ಬರೆದದ್ದು ಓದಿದ ದಿನ ಅಮ್ಮನ ಕೆಮ್ಮು ನೆನಪಾಯಿತು. ತುಂಬಾ ಸಂಕಟವಾಯಿತು.

ಕಿಟಕಿ ಇರುವುದು ತೆಗೆಯುವುದಕ್ಕೆ ಅಂತಾರೆ ಅವರು. ಎರಚಲು ಹೊಡೆಯದ ಕಡೆಯದ್ದನ್ನು ತೆಗೆಯಿರಿ, ಅತ್ತೆಗೆ ಚೆನ್ನಾಗಿ ಹೊದಿಸಿ. ಬೆಚ್ಚಗಿರಲಿ ಅಂತ ಮುಚ್ಚಿದ ಕೋಣೆಯಲ್ಲಿ ಕೆಂಡ ಮಾತ್ರ ಇಡಲೇಬೇಡಿ. ಅದರ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ, ಮಲಗಿದವರು ಏಳುವುದೇ ಇಲ್ಲ. ಬೆಳಗಿನ ಜಾವದ ಚಳಿ ಬಗ್ಗೆಯೂ ಅವರು ಎಚ್ಚರಿಸಿದ್ದಾರೆ. ಆ ಹೊತ್ತಲ್ಲಿ ಒಮ್ಮೆ ಎದ್ದು ಅತ್ತೆಯ ಪಾದ ಮುಟ್ಟಿ ನೋಡಿ.

ಇನ್ನೊಂದು ಅಧ್ಯಾಯ ಸದ್ದಿನದ್ದು. ರೋಗಿಗೆ ಕೇಳಿಸೀತು ಅಂತ ಅದೇ ಕೋಣೆಯಲ್ಲಿ ಪಿಸುಗುಡುವುದು ಕ್ರೂರ ಅಂತ ಬರೆದಿದ್ದಾರೆ. ಒಮ್ಮೆ ತೋಟದ ಕೆಲಸಗಾರರ ಲೈನ್‌ಮನೆಯ ಒಬ್ಬ ಅಜ್ಜ ನಮ್ಮ ವಾರ್ಡಿನಲ್ಲಿದ್ದರು. ಬಾಗಿಲ ಹತ್ತಿರ ನಾವು ಮೂವರು ಪಿಸುಪಿಸು ಮಾತಾಡಿದೆವು. ಮಾತು ಇನ್ಯಾರದ್ದೋ ವಿಷಯ. ಅಜ್ಜ ಬೆಳಗಾಗುವವರೆಗೂ ಕಣ್ಣು ಮುಚ್ಚಲಿಲ್ಲ. "ಸಿಸ್ಟರಮ್ಮ, ನಾನು ಉಳಿಯೋದಿಲ್ವಾ?" ಅಂತ ಕೇಳಿದರು. ಅವತ್ತಿನಿಂದ ನಾನು ಬಾಗಿಲಲ್ಲಿ ನಿಂತು ಮಾತಾಡಿಲ್ಲ. ನೀವೂ ಅತ್ತೆಯ ಎದುರಿಗೆ, ಅವರಿಗೆ ಕಾಣುವ ಹಾಗೆ ಕುಳಿತೇ ಮಾತಾಡಿ.

ದೀಪದ ಚಿತ್ರ ಚೆಂದವೇ. ಆದರೆ ನನಗೆ ಅವರ ಲೆಕ್ಕದ ಮೇಲೆ ಜಾಸ್ತಿ ಗೌರವ. 1854ರಲ್ಲಿ, ಬ್ರಿಟನ್ ರಷ್ಯಾದ ಜೊತೆ ಹೋರಾಡಿದ ಕ್ರಿಮಿಯಾ ಯುದ್ಧದ ಸಮಯದಲ್ಲಿ, 38 ನರ್ಸ್‌ಗಳನ್ನು ಕರೆದುಕೊಂಡು ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದರು. ಆ ಚಳಿಗಾಲ ಅಲ್ಲಿ ಸಾವು ನಿಲ್ಲಲಿಲ್ಲ. 1855ರಲ್ಲಿ ಸರ್ಕಾರ ಕಳಿಸಿದ ತಂಡ ಬಂದು ಚರಂಡಿ ಚೊಕ್ಕಟ ಮಾಡಿಸಿದ ಮೇಲೆ ಸಾವು ಇಳಿಯಿತು. ಊರಿಗೆ ಮರಳಿ ಅವರು ಸತ್ತವರ ಲೆಕ್ಕ ಹಾಕಿದರು. ಗಾಯಕ್ಕಿಂತ ತಡೆಯಬಹುದಾಗಿದ್ದ ಕಾಯಿಲೆಗೇ ಹೆಚ್ಚು ಸೈನಿಕರು ಸತ್ತಿದ್ದರು. ಅದನ್ನು 1858ರಲ್ಲಿ ಬಣ್ಣದ ಚಾರ್ಟ್ ಬರೆದು ತೋರಿಸಿದರು. ಮುಂದೆ ಭಾರತಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿಯ ನೀರು, ಚರಂಡಿ ಬಗ್ಗೆ ವರ್ಷಗಟ್ಟಲೆ ಬರೆದರು. ಅದರಲ್ಲಿ ಎಷ್ಟೋ ಬರೆದದ್ದು ತಾವೇ ಕಾಯಿಲೆಯಾಗಿ ಮಲಗಿದ್ದಾಗ.

ಆ ಲೆಕ್ಕದ ಅಭ್ಯಾಸ ನಿಮಗೂ ಬೇಕು. "ರಾತ್ರಿ ಚೆನ್ನಾಗಿ ನಿದ್ದೆ ಬಂತಾ?" ಅಂತ ಸುಮ್ನೆ ಕೇಳಬೇಡಿ. ಎಷ್ಟು ಗಂಟೆ ಮಲಗಿದರು, ಯಾವಾಗ ಎಚ್ಚರವಾಯಿತು ಅಂತ ಕೇಳಿ ಅಂತಾರೆ ಅವರು. ಮಗಳ ಹಳೇ ನೋಟ್‌ಬುಕ್ ಒಂದು ಮಂಚದ ಪಕ್ಕ ಇಡಿ. ಕುಡಿದ ಗಂಜಿ ಎಷ್ಟು, ಯಾವಾಗ ಮಗ್ಗುಲು ಬದಲಿಸಿದಿರಿ, ಬೆನ್ನಿನಲ್ಲಿ ಎಲ್ಲಾದರೂ ಕೆಂಪಾಗಿದೆಯಾ, ಎಲ್ಲ ಬರೆಯಿರಿ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು ತಪ್ಪಬಾರದು. ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗಿ.

ರೋಗಿ ಮಲಗಿದಲ್ಲಿಂದಲೇ, ಏಳದೆ, ಹೊರಳದೆ, ಆಕಾಶ ಕಾಣಬೇಕು ಅಂತಲೂ ಅವರು ಬರೆದಿದ್ದಾರೆ. ಮೂರು ತಿಂಗಳು ಅದೇ ಗೋಡೆ ನೋಡುವುದು ಎಷ್ಟು ಕಷ್ಟ ಅಲ್ವಾ? ಮಗಳು ಮನೆಗೆ ಬಂದಾಗ ಇಬ್ಬರೂ ಸೇರಿ ಮಂಚವನ್ನು ಕಿಟಕಿ ಕಡೆ ತಿರುಗಿಸಿ. ಅತ್ತೆ ಏನಂದರು ಅಂತ ನನಗೆ ಬರೆಯಿರಿ.