ಪಿಸಿಒಡಿ ಇದೆ, ಲೆಟ್ರೊಜೋಲ್ ಬರೆದಿದ್ದಾರೆ, ನುಂಗಬಹುದಾ? ಮಗು ಆಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 28, ಮದುವೆಯಾಗಿ ಎರಡು ವರ್ಷ, ಮುಟ್ಟು ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ, ಸ್ಕ್ಯಾನ್‌ನಲ್ಲಿ ಪಿಸಿಒಡಿ (ಪಿಸಿಒಎಸ್ ಅನ್ನೋದೂ ಇದನ್ನೇ, ಅಂಡಾಶಯದಲ್ಲಿ ಮೊಟ್ಟೆ ಸರಿಯಾಗಿ ಬೆಳೆದು ಹೊರಬರದ ತೊಂದರೆ) ಅಂತ ಬಂದಿದೆ. ಹಾಸನದ ಡಾಕ್ಟರ್ ಲೆಟ್ರೊಜೋಲ್ ಬರೆದುಕೊಟ್ಟಿದ್ದಾರೆ, ಮೊಬೈಲ್‌ನಲ್ಲಿ ಹುಡುಕಿದರೆ ಅದು ಸ್ತನ ಕ್ಯಾನ್ಸರ್ ಮಾತ್ರೆ ಅಂತ ಬರುತ್ತಿದೆ, ಅತ್ತೆ ನಾಟಿ ಔಷಧಿ ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಇಷ್ಟೇ ತಾನೆ?

ನಾನು ಡಾಕ್ಟರ್ ಅಲ್ಲ. ಆಲೂರು ಕಡೆಯವಳು, ನನಗೂ ಇದೇ ತೊಂದರೆ ಇದೆ, ಇದೇ ಮಾತ್ರೆ ನುಂಗಿದ್ದೇನೆ. ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಅವಳು ಮೊದಲ ತಿಂಗಳ ಮಾತ್ರೆಗೇ ಹುಟ್ಟಿದವಳಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಮೊದಲು ಮಾತ್ರೆ ವಿಷಯ. ಲೆಟ್ರೊಜೋಲ್ ಸ್ತನ ಕ್ಯಾನ್ಸರ್‌ಗೆ ಕೊಡುವ ಮಾತ್ರೆ ಅನ್ನೋದು ನಿಜ. ಅಲ್ಲಿ ಅದನ್ನು ವರ್ಷಗಟ್ಟಲೆ ದಿನಾ ನುಂಗಬೇಕು. ನಮಗೆ ಕೊಡುವುದು ಮುಟ್ಟಾದ ಎರಡನೇ ಅಥವಾ ಮೂರನೇ ದಿನದಿಂದ ಐದು ದಿನ, ಸಾಮಾನ್ಯವಾಗಿ 2.5 ಮಿಲಿಗ್ರಾಂನಿಂದ ಶುರು. ಈ ಮಾತ್ರೆ ಮೈಯಲ್ಲಿನ ಈಸ್ಟ್ರೋಜನ್ ಅನ್ನು ಸ್ವಲ್ಪ ದಿನ ಕಮ್ಮಿ ಮಾಡುತ್ತದೆ. ಅದು ಕಮ್ಮಿಯಾಯಿತು ಅಂತ ಗೊತ್ತಾದ ಕೂಡಲೇ ಮೆದುಳು ಎಫ್‌ಎಸ್‌ಎಚ್ ಅನ್ನೋ ಹಾರ್ಮೋನನ್ನು ಜಾಸ್ತಿ ಕಳಿಸುತ್ತದೆ, ಅದರಿಂದ ಅಂಡಾಶಯದಲ್ಲಿ ಮೊಟ್ಟೆ ಬೆಳೆಯುತ್ತದೆ. ಗರ್ಭ ನಿಲ್ಲುವ ಹೊತ್ತಿಗೆ ಮಾತ್ರೆಯ ಬಹುಪಾಲು ಮೈಯಿಂದ ಹೊರಗೆ ಹೋಗಿರುತ್ತದೆ.

ನಿಮ್ಮ ಭಯಕ್ಕೆ ಇನ್ನೊಂದು ಕಾರಣವೂ ಇರಬಹುದು. ನಮ್ಮ ದೇಶದಲ್ಲಿ 2011ರಲ್ಲಿ ಮಕ್ಕಳಾಗಲು ಈ ಮಾತ್ರೆ ಕೊಡುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತ್ತು. ಮಗುವಿಗೆ ಊನ ಬರಬಹುದು ಅನ್ನೋ ಅನುಮಾನ ಆಗ ಇತ್ತು. ಆಮೇಲಿನ ಅಧ್ಯಯನಗಳಲ್ಲಿ ಆ ಅನುಮಾನಕ್ಕೆ ಆಧಾರ ಸಿಗಲಿಲ್ಲ, 2017ರಲ್ಲಿ ನಿಷೇಧ ತೆಗೆದರು. ಹಳೇ ಸುದ್ದಿ ಮಾತ್ರ ನೆಟ್‌ನಲ್ಲಿ ಹಾಗೇ ಬಿದ್ದಿದೆ, ನಮ್ಮಂಥವರು ರಾತ್ರಿ ಹನ್ನೊಂದು ಗಂಟೆಗೆ ಅದನ್ನೇ ಓದಿ ನಿದ್ದೆ ಕೆಡಿಸಿಕೊಳ್ಳುತ್ತೇವೆ. ಈ ಮಧ್ಯೆ 2014ರಲ್ಲಿ ಅಮೆರಿಕದಲ್ಲಿ ಪಿಸಿಒಎಸ್ ಇರುವ 750 ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನ ಹೊರಬಂತು. ಲೆಟ್ರೊಜೋಲ್ ತಗೊಂಡವರಲ್ಲಿ ಶೇ. 27.5 ಜನಕ್ಕೆ ಮಗು ಆಯಿತು, ಹಳೇ ಮಾತ್ರೆ ಕ್ಲೋಮಿಫಿನ್ ತಗೊಂಡವರಲ್ಲಿ ಶೇ. 19.1. ಹಾಗಾಗಿ ಈಗ ಪಿಸಿಒಎಸ್‌ಗೆ ಮೊದಲು ಬರೆಯುವುದೇ ಲೆಟ್ರೊಜೋಲ್. ನಿಮ್ಮ ಡಾಕ್ಟರ್ ವಿಚಿತ್ರವಾದದ್ದೇನೂ ಬರೆದಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಮುಟ್ಟು ಎರಡು ಮೂರು ತಿಂಗಳು ಬರದೇ ಇರುವುದು ನಮಗೆ ಅಭ್ಯಾಸ ಆಗಿರುತ್ತದಲ್ಲ, ಆ ನಡುವೆ ಗರ್ಭ ನಿಂತಿದ್ದರೂ ಗೊತ್ತಾಗುವುದಿಲ್ಲ. ಮುಟ್ಟು ಬರಿಸುವ ಮಾತ್ರೆ ಆಗಲಿ, ಲೆಟ್ರೊಜೋಲ್ ಆಗಲಿ, ಶುರು ಮಾಡುವ ಮುಂಚೆ ಮೂತ್ರದ ಟೆಸ್ಟ್ ಮಾಡಿಕೊಳ್ಳಿ. ಹಾಗೇ ಮೂರು ತಿಂಗಳು ದಾಟಿದರೂ ಮುಟ್ಟಾಗದಿದ್ದರೆ ಸುಮ್ನೆ ಕಾಯಬೇಡಿ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುವುದು ಒಳ್ಳೆಯದಲ್ಲ.

ಈಗ ಮಗು ಆಗುತ್ತಾ ಅನ್ನೋದಕ್ಕೆ ಬರೋಣ. ಪಿಸಿಒಎಸ್ ಅಂದರೆ ಮಕ್ಕಳೇ ಆಗಲ್ಲ ಅಂತ ನಮ್ಮ ಕಡೆ ಎಷ್ಟು ಜನ ನಂಬಿದ್ದಾರೋ! ಮದುವೆ ಮಾತುಕತೆಯಲ್ಲೇ ಹುಡುಗಿಗೆ ಡೇಟ್ ಸರಿಯಾಗಿ ಆಗುತ್ತಾ ಅಂತ ವಿಚಾರಿಸುವವರಿದ್ದಾರೆ. ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇರುವ ತೊಂದರೆ ಇದು, ಅವರಲ್ಲಿ ಎಷ್ಟೋ ಜನ ತಾಯಂದಿರು. ಸ್ಕ್ಯಾನ್‌ನಲ್ಲಿ ಮುತ್ತಿನ ಸರದ ಹಾಗೆ ಕಾಣುತ್ತದೆ ಅಂತ ಬರೆದಿರುತ್ತಾರಲ್ಲ, ಅವು ಗಡ್ಡೆಗಳಲ್ಲ, ಆಪರೇಷನ್ ಮಾಡಿ ತೆಗೆಸುವ ಅಗತ್ಯವೂ ಇಲ್ಲ. ಬೆಳೆಯೋಕೆ ಶುರು ಮಾಡಿ ಅರ್ಧಕ್ಕೇ ನಿಂತ ಮೊಟ್ಟೆ ಕೋಶಗಳು ಅವು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳೇನೋ ಸಾಲಾಗಿ ನಿಂತಿವೆ, ಯಾವುದು ಯಾವಾಗ ಹೊರಡುತ್ತೆ ಅಂತ ಕಂಡಕ್ಟರ್‌ಗೂ ಗೊತ್ತಿಲ್ಲ, ಅಷ್ಟೇ.

ಅದಕ್ಕೇ ಡಾಕ್ಟರ್ ಹತ್ತಿರ ಹೋದಾಗ ನೀವು ಕೇಳಬೇಕಾದ್ದು ಒಂದೇ: ಈ ತಿಂಗಳು ನನ್ನ ಮೊಟ್ಟೆ ಬಿಡುಗಡೆ ಆಯಿತಾ ಇಲ್ವಾ? ಗಡ್ಡೆ ಎಷ್ಟಿದೆ, ಕರಗಿತಾ ಅಂತಲ್ಲ. ಪ್ರತಿ ತಿಂಗಳೂ ಈ ಒಂದು ಪ್ರಶ್ನೆಗೆ ಉತ್ತರ ಸಿಗುತ್ತಿದ್ದರೆ ಚಿಕಿತ್ಸೆ ಮುಂದಕ್ಕೆ ಹೋಗುತ್ತಿದೆ ಅಂತ ಅರ್ಥ. ಆರು ತಿಂಗಳು ಮಾತ್ರೆ ನುಂಗಿಯೂ ಒಂದು ಸಲವೂ ಸ್ಕ್ಯಾನ್ ಮಾಡಿಲ್ಲ, ಮೊಟ್ಟೆ ಬೆಳೆಯಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಅಂದರೆ, ಡಾಕ್ಟರ್ ಬದಲಾಯಿಸಿ. ನನ್ನ ಅಭಿಪ್ರಾಯ ಇದು, ಬೇಜಾರಾದವರು ಬೇಜಾರಾಗಲಿ.

ಮುಟ್ಟಾದ 14ನೇ ದಿನ ಸೇರಿ ಅನ್ನೋ ಲೆಕ್ಕ ನಮಗೆ ನಡೆಯುವುದಿಲ್ಲ. ಮೊಟ್ಟೆ ಬಿಡುಗಡೆಯಾದ ಸುಮಾರು 14 ದಿನಕ್ಕೆ ಮುಟ್ಟು ಬರುತ್ತದೆ. ಅಂದರೆ ನಿಮ್ಮ ಮುಟ್ಟು 60 ದಿನಕ್ಕೆ ಬಂದರೆ ಮೊಟ್ಟೆ ಬಂದದ್ದು ಹೆಚ್ಚುಕಮ್ಮಿ 46ನೇ ದಿನ. ಕೆಲವು ತಿಂಗಳು ಮೊಟ್ಟೆ ಬಾರದೆಯೇ ಬರೀ ರಕ್ತ ಹೋಗುವುದೂ ಉಂಟು. ಮೊಬೈಲ್ ಆ್ಯಪ್ ತೋರಿಸುವ ಹಸಿರು ದಿನಗಳನ್ನು ನಂಬಿ ಕೂತರೆ ಕೆಲಸ ಕೆಡುತ್ತದೆ. ಮೊಟ್ಟೆ ಬರುವ ಮುಂಚೆ ಏರುವ ಹಾರ್ಮೋನನ್ನು ಮೂತ್ರದಲ್ಲಿ ನೋಡೋಕೆ ಮೆಡಿಕಲ್ ಶಾಪಿನಲ್ಲಿ ಸಿಗುವ ಎಲ್‌ಎಚ್ ಸ್ಟ್ರಿಪ್ ಕೂಡ ನಮ್ಮಲ್ಲಿ ಕೆಲವರಿಗೆ ಸುಳ್ಳು ಹೇಳುತ್ತದೆ, ಯಾಕಂದರೆ ಪಿಸಿಒಎಸ್‌ನಲ್ಲಿ ಎಲ್‌ಎಚ್ ಯಾವಾಗಲೂ ಸ್ವಲ್ಪ ಏರಿಯೇ ಇರಬಹುದು. ನನಗೆ ವಾರಗಟ್ಟಲೆ ಎರಡು ಗೆರೆ ಬರುತ್ತಿತ್ತು. ಮೊಟ್ಟೆ ಬಿಡುಗಡೆ ಆಯಿತಾ ಅಂತ ರಕ್ತದಲ್ಲಿ ನೋಡುವ 21ನೇ ದಿನದ ಪ್ರೊಜೆಸ್ಟರಾನ್ ಟೆಸ್ಟ್ ಅನ್ನೋದು ಕೂಡ 28 ದಿನದ ಮುಟ್ಟಿನವರಿಗೆ ಮಾಡಿದ ಲೆಕ್ಕ.

ನಂಬಬಹುದಾದದ್ದು ಫಾಲಿಕ್ಯುಲರ್ ಸ್ಟಡಿ, ಅಂದರೆ ಮೊಟ್ಟೆ ಕೋಶ ಬೆಳೆಯುವುದನ್ನು ಸ್ಕ್ಯಾನ್ ಮಾಡಿ ನೋಡುವುದು. ಮಾತ್ರೆ ಮುಗಿದ ಮೇಲೆ, ಮುಟ್ಟಾದ ಒಂಬತ್ತು ಹತ್ತನೇ ದಿನದಿಂದ ಒಂದೆರಡು ದಿನ ಬಿಟ್ಟು ಸ್ಕ್ಯಾನ್ ಮಾಡುತ್ತಾರೆ. ಒಳಗಿನಿಂದ ಮಾಡುವ ಸ್ಕ್ಯಾನ್, ಮೊದಲ ಸಲ ಮುಜುಗರ ಆಗುತ್ತದೆ, ನೋವಂತೂ ಹೇಳಿಕೊಳ್ಳುವಷ್ಟಿಲ್ಲ. ಕೋಶ 18-20 ಮಿಲಿಮೀಟರ್ ಮುಟ್ಟಿದರೆ ಅಲ್ಲಿಗೆ ಬಿಡುತ್ತಾರೆ ಅಥವಾ ಮೊಟ್ಟೆ ಹೊರಬರಲು ಎಚ್‌ಸಿಜಿ ಇಂಜೆಕ್ಷನ್ ಕೊಡುತ್ತಾರೆ, ಕೊಟ್ಟರೆ ಸುಮಾರು 36 ಗಂಟೆಗೆ ಮೊಟ್ಟೆ ಹೊರಬರುತ್ತದೆ. ಮೊಟ್ಟೆ ಬದುಕುವುದು ಒಂದು ದಿನವೂ ಕಷ್ಟ, ವೀರ್ಯಾಣು ಐದು ದಿನದವರೆಗೂ ಇರಬಲ್ಲದು. ಹಾಗಾಗಿ ಮೊಟ್ಟೆ ಬರುವ ಮುಂಚಿನ ದಿನಗಳೇ ಮುಖ್ಯ, ದಿನ ಬಿಟ್ಟು ದಿನ ಸೇರಿದರೆ ಸಾಕು. ನಮಗೆ ದೊಡ್ಡ ಕಷ್ಟ ಆಗಿದ್ದು ಇಲ್ಲಿ. ಸ್ಕ್ಯಾನ್ ಯಾವ ದಿನ ಬೀಳುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ, ಕಾಫಿ ಕುಯ್ಲಿನ ಹೊತ್ತಿನಲ್ಲಿ ತೋಟದಲ್ಲಿ ಆಳು ಬಿಟ್ಟು ಇಬ್ಬರೂ ಹಾಸನಕ್ಕೆ ಹೊರಟರೆ ಮನೆಯಲ್ಲಿ ಮುಖ ಊದಿಸಿಕೊಳ್ಳುತ್ತಿದ್ದರು. ನೀವು ಹಾಸನದಲ್ಲೇ ಇದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ತಾಲೂಕಿನವರಾದರೆ ಹತ್ತಿರದ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಮಾಡಿಸಿ ರಿಪೋರ್ಟ್ ಕಳಿಸಬಹುದಾ ಅಂತ ಡಾಕ್ಟರ್‌ಗೆ ಕೇಳಿ, ಕೆಲವರು ಒಪ್ಪುತ್ತಾರೆ.

ಇನ್ನು ನಿಮ್ಮ ಪ್ರಶ್ನೆಯಲ್ಲಿ ಎಲ್ಲೂ ಇಲ್ಲದ ಒಬ್ಬರ ಬಗ್ಗೆ ಕೇಳುತ್ತೇನೆ. ನಿಮ್ಮ ಯಜಮಾನರ ವೀರ್ಯದ ಟೆಸ್ಟ್ ಆಗಿದೆಯಾ? ಆಗಿಲ್ಲದಿದ್ದರೆ ನೀವು ಮೊದಲ ಮಾತ್ರೆ ನುಂಗುವ ಮುಂಚೆ ಅದು ಆಗಬೇಕು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯಿಂದಲೂ ಒಂದು ಕಾರಣ ಇರುತ್ತದೆ. ಆದರೆ ಹೆಂಡತಿಗೆ ಪಿಸಿಒಡಿ ಅಂತ ಒಂದು ಚೀಟಿ ಸಿಕ್ಕಿದ ಕೂಡಲೇ ಮನೆಯವರೆಲ್ಲ ಕಾರಣ ಸಿಕ್ಕಿತು ಅಂತ ನಿರಾಳ ಆಗಿಬಿಡುತ್ತಾರೆ. ಎರಡರಿಂದ ಏಳು ದಿನ ದೂರ ಇದ್ದು ಲ್ಯಾಬಿನಲ್ಲಿ ಸ್ಯಾಂಪಲ್ ಕೊಡಬೇಕು, ಅಷ್ಟೇ ಅವರ ಕೆಲಸ. ಸೂಜಿ ಇಲ್ಲ, ನೋವಿಲ್ಲ. ನಮ್ಮನೆಯವರು "ನನಗೇನಾಗಿದೆ, ಗಟ್ಟಿಮುಟ್ಟಾಗಿದ್ದೀನಲ್ಲ" ಅಂದರು. ಗಟ್ಟಿಮುಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ವೀರ್ಯಾಣು ಎಣಿಕೆ ಮಿಲಿಲೀಟರ್‌ಗೆ 16 ಮಿಲಿಯನ್‌ಗಿಂತ ಕಮ್ಮಿ ಬಂದರೆ ಇನ್ನೊಮ್ಮೆ ನೋಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ಮೂರು ತಿಂಗಳು ಬೇಕು, ಸಿಗರೇಟು, ಗುಟ್ಕಾ ಬಿಡುವವರು ಇವತ್ತೇ ಬಿಟ್ಟರೆ ಒಳ್ಳೆಯದು. ನೀವು ತಿಂಗಳು ತಿಂಗಳು ಸ್ಕ್ಯಾನ್‌ಗೆ ಓಡಾಡಿದ ಮೇಲೆ ತೊಂದರೆ ಆ ಕಡೆಯೂ ಇದೆ ಅಂತ ಗೊತ್ತಾದರೆ ಆಗುವ ಸಿಟ್ಟು ಇದೆಯಲ್ಲ, ಬೇಡ ಬಿಡಿ.

ನಿಮ್ಮ ರಕ್ತದ ಟೆಸ್ಟಿನಲ್ಲಿ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಸಕ್ಕರೆ ಮೂರೂ ಇವೆಯಾ ನೋಡಿ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಟೆಸ್ಟ್, ಪ್ರೊಲ್ಯಾಕ್ಟಿನ್ ಅಂದರೆ ಎದೆಹಾಲಿನ ಹಾರ್ಮೋನ್. ಥೈರಾಯ್ಡ್ ಏರುಪೇರಾದರೂ ಮುಟ್ಟು ಹೀಗೇ ತಪ್ಪುತ್ತದೆ. ಫೋಲಿಕ್ ಆ್ಯಸಿಡ್ ಗರ್ಭ ನಿಂತ ಮೇಲಲ್ಲ, ಈಗಿನಿಂದಲೇ.

ಮೆಟ್‌ಫಾರ್ಮಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಸಕ್ಕರೆ ಕಾಯಿಲೆಯ ಮಾತ್ರೆ, ಆದರೆ ನಮ್ಮಲ್ಲಿ ತುಂಬ ಜನಕ್ಕೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಹೆಚ್ಚಾದ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಜಾಸ್ತಿ ಮಾಡಿಸುತ್ತದೆ, ಅದಕ್ಕೇ ಮುಖದ ಮೇಲೆ ಕೂದಲು, ಮೊಡವೆ, ಕತ್ತಿನ ಹಿಂದೆ ಕಪ್ಪು. ಎಲ್ಲರಿಗೂ ಬೇಕಾಗಿಲ್ಲ. ಬರೆದಿದ್ದರೆ ಊಟದ ಜೊತೆ ತಗೊಳ್ಳಿ, ಖಾಲಿ ಹೊಟ್ಟೆಗೆ ತಗೊಂಡರೆ ಬಚ್ಚಲು ಮನೆಗೂ ಅಡುಗೆ ಮನೆಗೂ ಓಡಾಡುವುದೇ ಆಗುತ್ತದೆ.

ಊಟ. ರಾಗಿ ಮುದ್ದೆ ತಿಂದರೆ ಎಲ್ಲ ಸರಿಹೋಗುತ್ತೆ ಅಂತ ಹೇಳುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಮುದ್ದೆಯೂ ಹಿಟ್ಟೇ ರೀ. ದೊಡ್ಡ ಮುದ್ದೆ ಜೊತೆಗೆ ನೀರು ಸಾರು ಅಂದರೆ ಸಕ್ಕರೆ ಏರುವುದೇ. ಮುದ್ದೆ ಚಿಕ್ಕದಾಗಲಿ, ಉಪ್ಸಾರಿನ ಸೊಪ್ಪು, ಹುರುಳಿ ಕಾಳು, ಅವರೆಕಾಳು, ಕೋಳಿಮೊಟ್ಟೆ ಜಾಸ್ತಿ ಆಗಲಿ. ಅಕ್ಕಿ ರೊಟ್ಟಿ, ಕಡುಬಿಗೂ ಇದೇ ಮಾತು. ಕಾಫಿ ಬಿಡಿ ಅಂತ ಕಾಫಿ ಸೀಮೆಯವಳಾದ ನಾನು ಹೇಳಲಾರೆ, ಆದರೆ ಬಸಿರಿನಲ್ಲಿ ದಿನಕ್ಕೆ ಕೆಫೀನ್ 200 ಮಿಲಿಗ್ರಾಂ ಒಳಗಿರಲಿ ಅನ್ನುತ್ತಾರೆ, ಗಟ್ಟಿ ಡಿಕಾಕ್ಷನ್ ಆದರೆ ಎರಡು ಚಿಕ್ಕ ಲೋಟಕ್ಕೆ ನಿಲ್ಲಿಸಿ, ಸಕ್ಕರೆ ಕಮ್ಮಿ ಮಾಡಿ. ತೂಕ ಜಾಸ್ತಿ ಇದ್ದರೆ ಶೇ. 5ರಿಂದ 10ರಷ್ಟು ಇಳಿದರೂ ಕೆಲವರಿಗೆ ಮುಟ್ಟು ತಾನೇ ಸರಿಯಾಗುತ್ತದೆ, 70 ಕೆಜಿಗೆ ಮೂರೂವರೆ ಕೆಜಿ ಅಂದರೆ ಆಗದ ಮಾತೇನಲ್ಲ. ಮಹಾರಾಜ ಪಾರ್ಕಿನಲ್ಲಿ ಜೋರಾಗಿ ನಡೆಯಿರಿ, ವಾರಕ್ಕೆ 150 ನಿಮಿಷವಾದರೂ. ತೆಳ್ಳಗಿದ್ದವರಿಗೂ ಪಿಸಿಒಎಸ್ ಬರುತ್ತದೆ, ಅವರಿಗೆ ಹೋಗಿ ತೂಕ ಇಳಿಸು ಅನ್ನೋದು ಮೂರ್ಖತನ.

ಅತ್ತೆಯ ನಾಟಿ ಔಷಧಿ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಹೆಸರಿಲ್ಲದ ಪುಡಿಯಲ್ಲಿ ಏನಿದೆ ಅಂತ ಕೊಡುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಇಂಥ ಪುಡಿಗಳಲ್ಲಿ ಸೀಸ ಸೇರಿ ಬಸಿರಿಯರಿಗೆ ವಿಷವಾದ ಪ್ರಕರಣಗಳು ದಾಖಲಾಗಿವೆ. ಲೆಟ್ರೊಜೋಲ್ ಜೊತೆ ಬೆರೆಸಲೇಬೇಡಿ. ಅತ್ತೆಯವರನ್ನು ಒಂದು ಸಲ ಡಾಕ್ಟರ್ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ, ಸ್ಕ್ಯಾನ್ ಪರದೆಯಲ್ಲಿ ಬೆಳೆದ ಮೊಟ್ಟೆ ಅವರೂ ನೋಡಲಿ. ನಮ್ಮ ಅತ್ತೆ ಅದನ್ನು ನೋಡಿದ ಮೇಲೆ ಪುಡಿಯ ಮಾತು ಎತ್ತಲಿಲ್ಲ. ಪೂಜೆಗೆ ಬೇಡ ಅನ್ನಬೇಡಿ. ನಾಗರಕಲ್ಲಿಗೆ ಹಾಲೆರೆಯಿರಿ, ಕುಕ್ಕೆಗೆ ಹೋಗಿ ಬನ್ನಿ, ಮಾತ್ರೆ ಬ್ಯಾಗಿನಲ್ಲಿರಲಿ.

ಸೀಮಂತ, ನಾಮಕರಣಗಳಲ್ಲಿ "ಏನಾದ್ರೂ ವಿಶೇಷ ಇದ್ಯಾ?" ಅಂತ ಕೇಳುವವರಿಗೆ ನಾನು "ಇದ್ದರೆ ನಿಮಗೆ ಹೇಳದೆ ಇರ್ತೀನಾ" ಅಂತ ನಕ್ಕು ಎಲೆ ಮುಂದೆ ಕೂರುತ್ತಿದ್ದೆ. ಕೆಲವು ಸಮಾರಂಭಕ್ಕೆ ಹೋಗಲೇ ಇಲ್ಲ. ನಿಮಗೂ ಹೋಗಬೇಕು ಅನ್ನಿಸದಿದ್ದರೆ ಹೋಗಬೇಡಿ. ಈ ತೊಂದರೆಯಲ್ಲಿ ಮನಸ್ಸು ಕುಗ್ಗುವುದು ಜಾಸ್ತಿ, ಅದು ನಾಟಕ ಅಲ್ಲ. ದಿನಗಟ್ಟಲೆ ಅಳು ನಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಲೆಟ್ರೊಜೋಲ್ 2.5 ಮಿಲಿಗ್ರಾಂಗೆ ಮೊಟ್ಟೆ ಬೆಳೆಯದಿದ್ದರೆ ಡಾಕ್ಟರ್ 5, ಆಮೇಲೆ 7.5 ಮಾಡುತ್ತಾರೆ, ಗಾಬರಿ ಬೇಡ. ಕೆಲವು ತಿಂಗಳು ಮೊಟ್ಟೆ ಚೆನ್ನಾಗಿ ಬಂದೂ ಗರ್ಭ ನಿಲ್ಲದಿದ್ದರೆ ಟ್ಯೂಬ್ ತೆರೆದಿದೆಯಾ ಅಂತ ಎಚ್‌ಎಸ್‌ಜಿ ಎಕ್ಸ್‌ರೇ ಮಾಡಿಸುತ್ತಾರೆ. ಅದೂ ಸರಿ ಇದ್ದರೆ ಮೊಟ್ಟೆ ಬೆಳೆಸುವ ಇಂಜೆಕ್ಷನ್, ಕೊನೆಗೆ ಐವಿಎಫ್. ಮೊದಲ ಭೇಟಿಯಲ್ಲೇ ಐವಿಎಫ್ ಪ್ಯಾಕೇಜ್ ಚೀಟಿ ಕೈಗಿಟ್ಟರೆ ಎದ್ದು ಬನ್ನಿ, ನಿಮ್ಮ ವಯಸ್ಸಿಗೆ ಇಷ್ಟು ಬೇಗ ಅದು ಬೇಕಾಗುವುದು ಅಪರೂಪ. ಬೇಕೇ ಆದರೆ 2021ರ ಕಾಯ್ದೆ ಪ್ರಕಾರ ಕ್ಲಿನಿಕ್ ನೋಂದಣಿ ಆಗಿರಬೇಕು, ಪ್ರಮಾಣಪತ್ರ ತೋರಿಸಿ ಅಂತ ಕೇಳಿ. ಪಿಸಿಒಎಸ್ ಇರುವವರಿಗೆ ಇಂಜೆಕ್ಷನ್‌ನಿಂದ ಅಂಡಾಶಯ ಊದಿಕೊಳ್ಳುವ ಅಪಾಯ ಜಾಸ್ತಿ, ಅದನ್ನು ಹೇಗೆ ತಡೆಯುತ್ತೀರಿ ಅಂತಲೂ ಕೇಳಿ.

ಗರ್ಭ ನಿಂತ ಕೂಡಲೇ ಸಕ್ಕರೆ ಟೆಸ್ಟ್ ಮಾಡಿಸಿ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ನಮಗೆ ಬಸಿರಿನ ಸಕ್ಕರೆ ಮತ್ತು ಬಿಪಿ ಬರುವುದು ಜಾಸ್ತಿ. ನನಗೆ ಬಂತು, ಊಟದಲ್ಲೇ ಹತೋಟಿಗೆ ಬಂತು.

ಇನ್ನೇನಾದರೂ ಇದ್ದರೆ ಕೆಳಗೆ ಕೇಳಿ. ರಿಪೋರ್ಟಿನ ಫೋಟೋ ಮಾತ್ರ ಹಾಕಬೇಡಿ, ಅದರ ಮೇಲೆ ನಿಮ್ಮ ಹೆಸರು, ಊರು, ಫೋನ್ ನಂಬರ್ ಎಲ್ಲ ಇರುತ್ತದೆ, ಇಲ್ಲಿ ನಿಮ್ಮ ಪಕ್ಕದ ಮನೆಯವರೂ ಇರಬಹುದು.